ಹುಳಿ ಹಿಟ್ಟು: ಕಲಗಚ್ಚಿಗೋ, ಕಾವಲಿಗೋ?

ಅಡಿಕೆ ಕೊಯಿಲಿನ ಮನೆಯಲ್ಲಿ ದೋಸೆ ಹಿಟ್ಟಿನ ಲೆಕ್ಕ ಸರಿಹೋಗುವುದೇ ಇಲ್ಲ. ಸುಲಿಯುವವರು ಹದಿನಾರು ಮಂದಿ ಬರುವರೆಂದು ರುಬ್ಬಿಟ್ಟರೆ ಬೆಳಿಗ್ಗೆ ಬರುವವರು ಒಂಬತ್ತೇ ಮಂದಿ. ಉಳಿದ ಹಿಟ್ಟು ಹುಳಿಯಾಗಿ ಕೊನೆಗೆ ಕಲಗಚ್ಚಿನ ಬಾನಿ ಸೇರುತ್ತದೆ. ಕಳೆದ ಕೊಯಿಲಿನಲ್ಲಿ ನಾವೂ ಒಂದು ದೊಡ್ಡ ಪಾತ್ರೆ ಹಿಟ್ಟನ್ನು ಹಾಗೆಯೇ ಸುರಿದೆವು. ಸಂಜೆಗೆ ಹಸು ಮೇವು ಮುಟ್ಟದೆ ಮಲಗಿತು. ಪಶುವೈದ್ಯರ ಉಪಚಾರದಿಂದ ಅದು ಎದ್ದು ನಿಂತಿತಾದರೂ, ಹಾಲು ಮೊದಲಿನಂತಾಗಲು ಹಲವು ದಿನ ಬೇಕಾಯಿತು.

ಅಕ್ಕಿ ಹಿಟ್ಟು ಒಮ್ಮೆಲೇ ಹೆಚ್ಚಾಗಿ ಹೊಟ್ಟೆ ಸೇರಿದರೆ ದನದ ಮೆಲುಕು ಚೀಲದಲ್ಲಿ ಆಮ್ಲ ಏರುತ್ತದೆ. ಮೆಲುಕು ನಿಲ್ಲುತ್ತದೆ, ಕೆಲವೊಮ್ಮೆ ಪ್ರಾಣಕ್ಕೂ ಅಪಾಯವಾಗುತ್ತದೆ. ಸಮಾರಂಭಗಳ ಮರುದಿನ ಉಳಿದ ಅನ್ನವನ್ನು ಸುರಿಯುವ ಮನೆಗಳೂ ಇದನ್ನು ನೆನಪಿಡಬೇಕು. ಗದ್ದೆಗಳು ತೋಟವಾದ ಮೇಲೆ ನಮ್ಮಲ್ಲಿ ಅನೇಕರು ಅಕ್ಕಿಯನ್ನು ಕೊಂಡೇ ಉಣ್ಣುವವರು. ಹೀಗಿರುವಾಗ ಹಿಟ್ಟು ಚೆಲ್ಲುವುದು ಇಮ್ಮಡಿ ನಷ್ಟ.

ಹುಳಿ ಎಂದರೆ ಹಾಳಾದುದೆಂದು ಅರ್ಥವಲ್ಲ. ಉದ್ದಿನ ಜೊತೆಯಲ್ಲೇ ಬರುವ ಲ್ಯೂಕೊನೊಸ್ಟಾಕ್ ಮೊದಲಾದ ಸೂಕ್ಷ್ಮಜೀವಿಗಳು ಹಿಟ್ಟಿನ ಸಕ್ಕರೆಯನ್ನು ಆಮ್ಲವನ್ನಾಗಿಯೂ ಅನಿಲವನ್ನಾಗಿಯೂ ಮಾಡುತ್ತವೆ. ಪಾಶ್ಚಾತ್ಯರು ರೊಟ್ಟಿಗಾಗಿ ಸಾಕುವ ಗೋಧಿಯ ಹುಳಿ ಹಿಟ್ಟಿನಲ್ಲಿಯೂ ನಡೆಯುವುದು ಇದೇ ಬಗೆಯ ಕೆಲಸ. 1896ರಲ್ಲಿ ಆರಂಭವಾದ ಕ್ಲಾಂಡೈಕ್ ಚಿನ್ನದ ಬೇಟೆಗೆ ಹೋದವರು ಆ ಹಿಟ್ಟನ್ನು ಚಳಿಯಿಂದ ಜೋಪಾನ ಮಾಡುತ್ತಿದ್ದರು. ಅವರಿಗೆ 'ಸೋರ್‌ಡೋ' ಎಂಬ ಅಡ್ಡಹೆಸರೇ ಬಿತ್ತು. ಹೆಚ್ಚಾದ ಹುಳಿ ಹಿಟ್ಟಿನಿಂದ ಅಲ್ಲಿನ ಮನೆಗಳಲ್ಲಿ ವಾಫಲ್ ಮಾಡುತ್ತಾರೆ. ಎರಡು ಕಾವಲಿಗಳ ನಡುವೆ ಬೇಯುವ, ಚೌಕುಳಿ ಅಚ್ಚಿನ ದಪ್ಪ ದೋಸೆಯದು. ನಮಗೆ ಆ ಅಚ್ಚು ಬೇಡ. ಅಟ್ಟದ ಮೇಲಿರುವ ಪಡ್ಡಿನ ಕಾವಲಿಯೇ ಸಾಕು.

ನಾಲ್ಕು ಲೋಟ ಹುಳಿ ಹಿಟ್ಟಿಗೆ ಒಂದು ಲೋಟ ಸಣ್ಣ ರವೆ ಬೆರೆಸಿ ಅರ್ಧ ಗಂಟೆ ನೆನೆಯಲು ಬಿಡಿ. ರವೆ ಹುಳಿಯನ್ನು ತಗ್ಗಿಸುತ್ತದೆ, ನೀರಾದ ಹಿಟ್ಟನ್ನು ಗಟ್ಟಿ ಮಾಡುತ್ತದೆ. ಈರುಳ್ಳಿ, ಹಸಿಮೆಣಸು, ಶುಂಠಿ, ಕರಿಬೇವು, ಒಂದು ಹಿಡಿ ಕಾಯಿತುರಿ, ರುಚಿಗೆ ಉಪ್ಪು, ಸ್ವಲ್ಪ ಬೆಲ್ಲ ಸೇರಿಸಿ. ಕಾವಲಿ ಕಾದ ಮೇಲೆ ಕಾಲು ಚಮಚ ಅಡುಗೆ ಸೋಡಾ ಬೆರೆಸಿ ಕೂಡಲೇ ಹೊಯ್ಯಿರಿ. ಹುಳಿ ತಾಗಿದೊಡನೆ ಸೋಡಾ ಅನಿಲ ಬಿಡುವುದರಿಂದ ತಡಮಾಡಿದರೆ ಉಬ್ಬು ಹೋಗುತ್ತದೆ. ಹೆಚ್ಚು ಹಾಕಿದರೆ ಸಾಬೂನಿನ ರುಚಿ ಬಂದು ಬಿ-1 ಜೀವಸತ್ವವೂ ನಾಶವಾಗುತ್ತದೆ. ಮುಚ್ಚಿ ಬೇಯಿಸಿ, ಮಗುಚಿ, ಎರಡೂ ಕಡೆ ಕೆಂಪಗಾದ ಮೇಲೆ ತೆಗೆಯಿರಿ.

ಒಂದು ಸೌಟು ಹುಳಿ ಹಿಟ್ಟನ್ನು ಮಾತ್ರ ಎತ್ತಿಡಿ. ಹುಲಿಕಲ್ ಘಾಟಿಯ ನೆತ್ತಿಯ ಮೇಲಿರುವ ನಮ್ಮ ಮಾಸ್ತಿಕಟ್ಟೆಯ ಮಳೆಗಾಲದಲ್ಲಿ ಹೊಸ ಹಿಟ್ಟು ಬೆಳಗಾದರೂ ಉಬ್ಬದಿರುವುದು ಎಲ್ಲ ಮನೆಗಳ ಅನುಭವ. ಆ ಒಂದು ಸೌಟನ್ನು ಹೆಪ್ಪಿನಂತೆ ಬೆರೆಸಿ, ಪಾತ್ರೆಯನ್ನು ಬಚ್ಚಲೊಲೆಯ ಬಳಿ ಬೆಚ್ಚಗಿಟ್ಟರೆ ಹುಳಿ ಬೇಗ ಹಿಡಿಯುತ್ತದೆ.

ಆದರೆ ಹಿಟ್ಟಿನ ಮೇಲೆ ಬೂಷ್ಟು ಬಂದಿದ್ದರೆ, ಕೆಂಪು ಗೆರೆ ಕಂಡರೆ, ಕೊಳೆತ ವಾಸನೆಯಿದ್ದರೆ ಜಿಪುಣತನ ಸಲ್ಲದು. ಬೂಷ್ಟಿನ ಕೆಲವು ವಿಷಗಳು ಬೇಯಿಸಿದರೂ ಹೋಗುವುದಿಲ್ಲ. ಅಂಥ ಹಿಟ್ಟು ಮನುಷ್ಯರಿಗೂ ಬೇಡ, ದನಕ್ಕೂ ಬೇಡ. ಗೊಬ್ಬರ ಗುಂಡಿಗೆ ಹಾಕಿ ಮಣ್ಣು ಮುಚ್ಚಿರಿ.

ಸದಸ್ಯ ಬಾಂಧವರು ಮುಂದಿನ ಕೊಯಿಲಿಗೆ ಮೊದಲು ಪಡ್ಡಿನ ಕಾವಲಿಯನ್ನು ಅಟ್ಟದಿಂದ ಇಳಿಸಿ ಎಣ್ಣೆ ಸವರಿಡಬೇಕೆಂದು ನಮ್ಮ ವಿನಂತಿ. ರುಬ್ಬಿದವರ ಶ್ರಮವೂ ಉಳಿಯುತ್ತದೆ, ಕೊಟ್ಟಿಗೆಯ ಹಸುವೂ ಕ್ಷೇಮವಾಗಿರುತ್ತದೆ.