ದುಂಡಗಿಲ್ಲದ ದುಂಡಾಣು: ಬ್ಯಾಕ್ಟೀರಿಯಾಗಳಿಗೆ ಹೆಸರಿಡುವ ಬಗೆ

ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂಬ ವಿಭಾಗವು ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಕಣ್ಣಿಗೆ ಕಾಣದ ಜೀವಿಗಳ ಹೆಸರುಗಳನ್ನು ಅರಿಯುವುದಕ್ಕೂ ಈ ವಿಭಾಗ ನೆರವಾಗುತ್ತದೆ. 'ಬ್ಯಾಕ್ಟೀರಿಯಾ' ಎಂಬ ಶಬ್ದದ ಗ್ರೀಕ್ ಮೂಲಕ್ಕೆ 'ಸಣ್ಣ ಕೋಲು' ಎಂದರ್ಥ. ಕನ್ನಡದಲ್ಲಿ ನಾವು ಅದನ್ನು 'ದುಂಡಾಣು' ಎನ್ನುತ್ತೇವೆ. ಒಂದು ಶಬ್ದ ಕೋಲು ಎನ್ನುತ್ತದೆ, ಇನ್ನೊಂದು ದುಂಡು ಎನ್ನುತ್ತದೆ. ವಾಸ್ತವದಲ್ಲಿ ಈ ಜೀವಿಗಳಲ್ಲಿ ಕೋಲಿನಾಕಾರದವು, ದುಂಡಗಿರುವವು, ಸುರುಳಿಯಂತಿರುವವು ಎಲ್ಲವೂ ಉಂಟು. ಅನ್ವರ್ಥವಾಗಿ ಹುಟ್ಟಿದ ಎರಡೂ ಶಬ್ದಗಳು ಇಂದು ರೂಢನಾಮಗಳಾಗಿ ಉಳಿದಿವೆ.

ನಮ್ಮ ಮಾಧವನಗರದಿಂದ ಪೂರ್ವಕ್ಕೆ ಮತ್ತು ಈಶಾನ್ಯಕ್ಕೆ ಹೊರಟರೆ ದಾಳಿಂಬೆ ಬೆಳೆಯುವ ಜತ್ತ, ಆಟಪಾಡಿ ತಾಲೂಕುಗಳು ಸಿಗುತ್ತವೆ. ದಾಳಿಂಬೆಯ ಎಲೆ ಮತ್ತು ಕಾಯಿಗಳ ಮೇಲೆ ಎಣ್ಣೆ ಸವರಿದಂತಹ ಚುಕ್ಕೆಗಳು ಮೂಡಿ, ಕೊನೆಗೆ ಕಾಯಿಯೇ ಬಿರಿದುಹೋಗುವ ರೋಗವನ್ನು ಮರಾಠಿಯಲ್ಲಿ 'ತೇಲ್ಯಾ' ಎನ್ನುತ್ತಾರೆ. ಗಡಿಯಾಚೆಯ ವಿಜಯಪುರದ ಕಡೆ ಅದೇ ರೋಗವು 'ದುಂಡಾಣು ಅಂಗಮಾರಿ'. ಜತ್ತ ತಾಲೂಕಿನ ಕನ್ನಡಿಗ ರೈತನ ಕಿವಿಗೆ ಎರಡು ಹೆಸರುಗಳೂ ಬೀಳುತ್ತವೆ. ಇವೆರಡೂ ಒಂದೇ ಎಂದು ತಿಳಿಯದಿದ್ದರೆ ಒಂದು ಕಡೆಯ ಸಲಹೆ ಇನ್ನೊಂದು ಕಡೆ ಉಪಯೋಗಕ್ಕೆ ಬಾರದು. ಇದು ಶಿಲೀಂಧ್ರದಿಂದ ಬಂದುದೆಂದು ಬಗೆದರೆ ಶಿಲೀಂಧ್ರನಾಶಕಕ್ಕೆ ಹಾಕಿದ ಹಣ ವ್ಯರ್ಥವಾದೀತು. ಈ ಎರಡು ಹೆಸರುಗಳನ್ನು ಬೆಸೆಯುವುದು ವೈಜ್ಞಾನಿಕ ನಾಮ.

ವೈಜ್ಞಾನಿಕ ನಾಮಕ್ಕೆ ಎರಡು ಭಾಗಗಳು: ಮೊದಲು ಕುಲ, ಅನಂತರ ಪ್ರಭೇದ. ಮಹಾರಾಷ್ಟ್ರದ ಹಾಜರಿ ಪುಸ್ತಕದಲ್ಲಿ ಅಡ್ಡಹೆಸರು ಮುಂದೆ ಬಂದು ಸ್ವಂತ ಹೆಸರು ಹಿಂದೆ ಬರುವ ಕ್ರಮದಂತೆಯೇ ಇದು. ದಾಳಿಂಬೆಯ ಈ ರೋಗವು 1952ರಲ್ಲಿ ದೆಹಲಿಯಿಂದ ವರದಿಯಾಯಿತು. 1959ರಲ್ಲಿ ಹಿಂಗೋರಾನಿ ಮತ್ತು ಸಿಂಗ್ ಎಂಬ ವಿಜ್ಞಾನಿಗಳು ರೋಗಕಾರಕಕ್ಕೆ 'ಕ್ಸಾಂಥೊಮೊನಾಸ್ ಪ್ಯೂನಿಕೆ' ಎಂದು ಹೆಸರಿಟ್ಟರು. 'ಕ್ಸಾಂಥೊ' ಎಂದರೆ ಹಳದಿ. ಪ್ರಯೋಗಾಲಯದಲ್ಲಿ ಇದು ಹಳದಿ ಬಣ್ಣದಲ್ಲಿ ಬೆಳೆಯುತ್ತದೆ. 'ಪ್ಯೂನಿಕೆ' ಎಂದರೆ ದಾಳಿಂಬೆಗೆ ಸೇರಿದ್ದು. ಇದು ಅಚ್ಚ ಅನ್ವರ್ಥನಾಮ.

ಅಂದು ಹೊಸ ಬೆಳೆಯ ಮೇಲೆ ಕಂಡುದಕ್ಕೆಲ್ಲ ಹೊಸ ಪ್ರಭೇದದ ಹೆಸರು ಕೊಡುವುದು ವಾಡಿಕೆಯಾಗಿತ್ತು. ಆದರೆ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಇವುಗಳಲ್ಲಿ ಬಹುಪಾಲನ್ನು ಒಂದರಿಂದೊಂದು ಬೇರ್ಪಡಿಸಲಾಗಲಿಲ್ಲ. ಆದಕಾರಣ 1974ರಲ್ಲಿ ಈ ಕುಲದ ಪ್ರಭೇದಗಳನ್ನು ಐದಕ್ಕೆ ಇಳಿಸಲಾಯಿತು. ಹೆಸರುಗಳು ಅಳಿದರೂ ರೋಗಗಳು ಅಳಿಯಲಿಲ್ಲ. ಬೆಳೆಗಾರನಿಗೆ ಬೇಕಾದ ಭೇದವನ್ನು ಉಳಿಸಲೆಂದು ಸಸ್ಯರೋಗ ತಜ್ಞರು ಪ್ರಭೇದದ ಕೆಳಗೆ 'ಪ್ಯಾಥೊವಾರ್' ಎಂಬ ಹಂತವನ್ನು ಕಲ್ಪಿಸಿದರು. 1978ರಲ್ಲಿ ನಮ್ಮ ರೋಗಾಣು 'ಕ್ಸಾಂಥೊಮೊನಾಸ್ ಕ್ಯಾಂಪೆಸ್ಟ್ರಿಸ್ ಪ್ಯಾಥೊವಾರ್ ಪ್ಯೂನಿಕೆ' ಎನಿಸಿತು. 1995ರಲ್ಲಿ ಡಿಎನ್‌ಎ ಹೋಲಿಕೆಯ ಆಧಾರದ ಮೇಲೆ 'ಕ್ಯಾಂಪೆಸ್ಟ್ರಿಸ್' ಹೋಗಿ 'ಆಕ್ಸೊನೊಪೊಡಿಸ್' ಬಂದಿತು. ಈಚಿನ ಬರಹಗಳಲ್ಲಿ 'ಸಿಟ್ರಿ' ಎಂಬ ಪ್ರಭೇದನಾಮ ಕಾಣುತ್ತದೆ. ನಿಂಬೆಯ ಕಜ್ಜಿ ರೋಗದ ಬ್ಯಾಕ್ಟೀರಿಯಾಕ್ಕೂ ಇದಕ್ಕೂ ಸಮೀಪದ ನಂಟುಂಟು ಎಂಬುದೇ ಇದರ ತಾತ್ಪರ್ಯ. ಇಷ್ಟೆಲ್ಲ ಬದಲಾವಣೆಗಳ ನಡುವೆ 'ಪ್ಯೂನಿಕೆ' ಮಾತ್ರ ಉಳಿದುಬಂದಿದೆ.

ಈ ವ್ಯವಹಾರಕ್ಕೆ ಅಂತಾರಾಷ್ಟ್ರೀಯ ನಿಯಮಗಳಿವೆ. 1980ರ ಜನವರಿ 1ರಂದು ಜಾರಿಗೆ ಬಂದ ಅಂಗೀಕೃತ ಪಟ್ಟಿಯಲ್ಲಿ ಇಲ್ಲದ ಹಳೆಯ ಹೆಸರುಗಳು ಮಾನ್ಯತೆ ಕಳೆದುಕೊಂಡವು. ಇಂದು ಹೊಸ ಪ್ರಭೇದವನ್ನು ಸಾರುವವರು ಅದರ ಜೀವಂತ ಮಾದರಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇರಿಸಬೇಕು. ಗ್ರಂಥಸಂಪಾದನೆಯಲ್ಲಿ ಪಾಠನಿರ್ಣಯಕ್ಕೆ ಹಸ್ತಪ್ರತಿಯ ಬಳಿಗೆ ಹೋಗುವಂತೆ, ಸಂದೇಹ ಬಂದಾಗ ಇಲ್ಲಿ ಆ ಮಾದರಿಯ ಬಳಿಗೆ ಹೋಗುತ್ತಾರೆ.

ಅಂಕಿತನಾಮಕ್ಕೂ ಒಂದು ನಿದರ್ಶನವಿದೆ. ವಾಯುಮಂಡಲದ ಮೇಲಣ ಸ್ತರದಲ್ಲಿ ಭಾರತೀಯ ವಿಜ್ಞಾನಿಗಳು ಕಂಡ ಬ್ಯಾಕ್ಟೀರಿಯಾಕ್ಕೆ 2009ರಲ್ಲಿ ಆರ್ಯಭಟನ ನೆನಪಿಗಾಗಿ 'ಬ್ಯಾಸಿಲಸ್ ಆರ್ಯಭಟ್ಟೈ' ಎಂಬ ಹೆಸರು ಬಂದಿತು. 2020ರಲ್ಲಿ ಅದರ ಕುಲ 'ಪ್ರೀಸ್ಟಿಯಾ' ಎಂದಾಯಿತು. ಅಡ್ಡಹೆಸರು ಬದಲಾದರೂ ಆರ್ಯಭಟನು ಅಲ್ಲಿಯೇ ಇದ್ದಾನೆ.

ಹೆಸರಿನ ಮೊದಲ ಪ್ರಯೋಜನವು ಗುರುತಿಸುವುದೇ ಹೊರತು ಗುಣವನ್ನು ವರ್ಣಿಸುವುದಲ್ಲ ಎಂದು ಆ ನಿಯಮಾವಳಿಯೇ ಹೇಳುತ್ತದೆ. ಅರ್ಥ ಹೊಂದುವುದಿಲ್ಲ ಎಂಬ ಕಾರಣದಿಂದ ಮಾನ್ಯವಾದ ಹೆಸರನ್ನು ತಳ್ಳಿಹಾಕುವಂತಿಲ್ಲ. ಹಾಗಾಗಿ ಕೋಲಿನಾಕಾರದ ಈ ಜೀವಿಯನ್ನು 'ದುಂಡಾಣು' ಎಂದು ಕರೆಯಲು ನಾವು ನಾಚಬೇಕಿಲ್ಲ. ಆದರೆ ಕುಲ ಮತ್ತು ಪ್ರಭೇದದ ಹೆಸರು ಬಂಧುತ್ವದ ಬಗೆಗಿನ ನಿರ್ಣಯವೂ ಆಗಿರುವುದರಿಂದ, ಹೊಸ ಆಧಾರ ದೊರೆತಾಗ ಅದು ಬದಲಾಗುತ್ತದೆ. ಮುಂದೆ ಕೃಷಿ ಅಥವಾ ವೈದ್ಯಕೀಯ ಬರಹಗಳನ್ನು ಕನ್ನಡಕ್ಕೆ ತರುವ ವಿದ್ಯಾರ್ಥಿಯು ಜನರಾಡುವ ಹೆಸರು, ಇಂದಿನ ವೈಜ್ಞಾನಿಕ ನಾಮ, ಹಿಂದಿನ ನಾಮ ಈ ಮೂರನ್ನೂ ಜೊತೆಯಲ್ಲಿ ಕೊಡುವುದು ಒಳಿತು. ಆಗ 1959ರ ಲೇಖನವೂ, ವಿಜಯಪುರದ ಕರಪತ್ರವೂ, ಜತ್ತದ ರೈತನ 'ತೇಲ್ಯಾ'ವೂ ಒಂದೇ ರೋಗವನ್ನು ಕುರಿತು ಮಾತನಾಡುತ್ತಿವೆ ಎಂಬುದು ಓದುಗನಿಗೆ ತಿಳಿಯುತ್ತದೆ.