ಬೂಟು ಕಚ್ಚುತ್ತದೆಯೇ? ಲೇಸು ಬಿಚ್ಚಿ ಬೇರೆ ಥರ ಕಟ್ಟಿ

ಶೇಂಗಾ ಕೀಳುವಾಗ, ತೊಗರಿ ಕೊಯ್ಯುವಾಗ ನಮ್ಮ ಒಣಭೂಮಿಯವರಿಗೆ ಕಾಲಿನದೇ ಭಯ. ಕೊಳಕುಮಂಡಲ ಬಳ್ಳಿಯ ಮರೆಯಲ್ಲಿ ಮಲಗಿದ್ದರೆ ಕಾಣುವುದಿಲ್ಲ. ಹೊಲದಲ್ಲಿ ಹಾವು ಕಡಿಯುವುದು ಹೆಚ್ಚಾಗಿ ಪಾದಕ್ಕೆ, ಗಿಣ್ಣಿಗೆ. 2024ರಲ್ಲಿ ರಾಜ್ಯ ಸರ್ಕಾರ, ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಎಂದಿತು. ತೊಗರಿ ಕೂಳೆ, ಜಾಲಿಮುಳ್ಳಿನ ಕಾಟ ಬೇರೆ.

ಬೆಟ್ಟ ಹತ್ತುವವರು ಹಾಕುವಂಥ, ಗಿಣ್ಣು ಮುಚ್ಚುವ ಬೂಟು ಇದಕ್ಕೆ ಒಳ್ಳೆಯದು. ಆದರೆ ತಂದವರಲ್ಲಿ ಎಷ್ಟೋ ಜನ ಎರಡು ದಿನ ಹಾಕಿ, 'ಕಚ್ತದೆ ಮಾರಾಯ' ಅಂತ ಅಟ್ಟಕ್ಕೆ ಎಸೆಯುತ್ತಾರೆ. ಅಟ್ಟದ ಮೇಲಿನ ಬೂಟು ಯಾರ ಕಾಲನ್ನೂ ಕಾಯುವುದಿಲ್ಲ. ಅಳತೆ ಸರಿಯಿದ್ದೂ ಕಚ್ಚಿದರೆ ಲೇಸು ಕಟ್ಟುವ ಕ್ರಮ ಬದಲಿಸಿ ನೋಡಿ. ಖರ್ಚು ಏನೂ ಇಲ್ಲ.

ಮೊದಲು ಲೇಸನ್ನು ಕೆಳಗಿನವರೆಗೂ ಸಡಿಲ ಮಾಡಿ. ಕಾಲು ತೂರಿಸಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ. ಹಿಮ್ಮಡಿ ಹಿಂದಕ್ಕೆ ಸರಿದು ಕೂರುತ್ತದೆ. ಆಮೇಲೆ ಬೆರಳಿನ ಕಡೆಯಿಂದ ಮೇಲಕ್ಕೆ ಒಂದೊಂದೇ ಸಾಲು ಎಳೆಯುತ್ತ ಬನ್ನಿ.

ಬೆರಳಿಗೆ ಸಡಿಲ, ಗಿಣ್ಣಿಗೆ ಬಿಗಿ ಬೇಕೆಂದರೆ: ಪಾದ ಬಾಗುವ ಜಾಗದಲ್ಲಿ ಎರಡು ಎಳೆಗಳನ್ನು ಒಂದು ಸುತ್ತಿನ ಬದಲು ಎರಡು ಸುತ್ತು ಹೊಸೆದು ಎಳೆಯಿರಿ. ಕೆಳಗಿನದು ಕೆಳಗೇ, ಮೇಲಿನದು ಮೇಲೇ ನಿಲ್ಲುತ್ತದೆ.

ಹಿಮ್ಮಡಿ ಎದ್ದೆದ್ದು ಬೊಬ್ಬೆ ಬಂದರೆ: ಕೊನೆಯ ಎರಡು ತೂತು ಉಳಿದಾಗ ಲೇಸನ್ನು ಅಡ್ಡ ಹಾಯಿಸಬೇಡಿ. ಅದೇ ಬದಿಯ ಮೇಲಿನ ತೂತಿಗೆ ನೇರ ಏರಿಸಿ. ಎರಡೂ ಬದಿಗೆ ಒಂದೊಂದು ಸಣ್ಣ ಬಳೆ ಆಗುತ್ತದೆ. ಈಗ ಎಡದ ತುದಿಯನ್ನು ಬಲದ ಬಳೆಯಲ್ಲಿ, ಬಲದ್ದನ್ನು ಎಡದ ಬಳೆಯಲ್ಲಿ ತೂರಿಸಿ ಎಳೆದು ಗಂಟು ಹಾಕಿ. ಹಿಮ್ಮಡಿ ಅಲ್ಲಾಡುವುದಿಲ್ಲ. ಪಾದ ಮುಂದಕ್ಕೆ ಜಾರದ್ದರಿಂದ ಹೆಬ್ಬೆರಳ ಉಗುರೂ ತಾಗುವುದಿಲ್ಲ.

ಪಾದದ ಮೇಲ್ಗಡೆ ಒತ್ತಿ ನೋಯುತ್ತಿದ್ದರೆ: ಆ ಜಾಗದಲ್ಲಿ ಮಾತ್ರ ಅಡ್ಡ ಎಳೆ ಬಿಡಿ. ಎರಡೂ ಬದಿಗೆ ನೇರ ಮೇಲಕ್ಕೆ ಹಾಯಿಸಿ, ಮುಂದಿನ ತೂತಿನಿಂದ ಮತ್ತೆ ಅಡ್ಡ ಕಟ್ಟಿ.

ಕೊನೆಯ ಗಂಟನ್ನೂ ಗಮನಿಸಿ. ಅದರ ಎರಡು ಕಿವಿಗಳು ಪಾದಕ್ಕೆ ಅಡ್ಡಲಾಗಿ ಮಲಗಿದ್ದರೆ ಗಂಟು ಗಟ್ಟಿ. ಪಾದದುದ್ದಕ್ಕೂ ತಿರುಗಿದ್ದರೆ ಬೇಗ ಬಿಚ್ಚುತ್ತದೆ. ಮೊದಲ ಸುತ್ತನ್ನು ಉಲ್ಟಾ ಹಾಕಿದರೆ ಸರಿಹೋಗುತ್ತದೆ. ಕಿವಿ ಉದ್ದ ಉಳಿದರೆ ಕೂಳೆಗೆ ಸಿಕ್ಕುತ್ತದೆ, ಒಳಕ್ಕೆ ಸಿಕ್ಕಿಸಿ.

ನಡೆದ ಹಾಗೆ ಕಾಲು ಊದಿಕೊಳ್ಳುತ್ತದೆ. ಆದ್ದರಿಂದ ಬೂಟನ್ನು ಸಂಜೆ ಹೊತ್ತು, ಕಾಲುಚೀಲ ಹಾಕಿ ನೋಡಿ ಕೊಳ್ಳಿ. ಕೆಲಸಕ್ಕಿಳಿದು ಅರ್ಧ ಗಂಟೆ ಆದ ಮೇಲೆ ಒಮ್ಮೆ ಬಿಚ್ಚಿ ಕಟ್ಟಿ. ಬೆರಳು ಜೋಮು ಹಿಡಿದರೆ ಬಿಗಿ ಜಾಸ್ತಿಯಾಗಿದೆ ಎಂದೇ ತಿಳಿಯಿರಿ. ಸಕ್ಕರೆ ಕಾಯಿಲೆಯವರಿಗೆ ಬೊಬ್ಬೆ ಎದ್ದರೂ ಗೊತ್ತಾಗದೆ ಹೋಗಬಹುದು. ಅವರು ದಿನಾ ಸಂಜೆ ಪಾದ ತಿರುವಿ ನೋಡಿಕೊಳ್ಳಬೇಕು.

ಬೆಳಿಗ್ಗೆ ಬೂಟನ್ನು ಬೋರಲು ಹಾಕಿ ಕೊಡವದೆ ಮಾತ್ರ ಕಾಲಿಡಬೇಡಿ. ಚೇಳಿಗೂ ಅದು ಬೆಚ್ಚಗಿನ ಮನೆ.