ಹಳೇ ಚೀಟಿ, ಹೊಸ ಜ್ವರ

ಇವತ್ತು ಡಿಬೇಟ್ ಇಲ್ಲ, ಕಿರುಚಾಟ ಇಲ್ಲ. ಒಂದು ಹಳೇ ಔಷಧಿ ಚೀಟಿಯ ಕತೆ ಇದೆ. ಅದೂ ನಮ್ಮ ಮನೆಯದ್ದೇ.

ಮಂಗಳೂರಿನ ಉರ್ವದಲ್ಲಿ ನನ್ನ ದೊಡ್ಡಮ್ಮ ಇದ್ದಾರೆ. ಒಂದು ಬೇಸಿಗೆಯಲ್ಲಿ ಅವರಿಗೆ ಉರಿಮೂತ್ರ ಶುರುವಾಯ್ತು. ಬೊಂಡ ಕುಡಿದರು, ಬಾರ್ಲಿ ನೀರು ಕುಡಿದರು, ಕಮ್ಮಿ ಆಗಲಿಲ್ಲ. ಹಿಂದಿನ ವರ್ಷದ ಚೀಟಿ ಡಬ್ಬದಲ್ಲಿತ್ತು. ಅದನ್ನೇ ಹಿಡ್ಕೊಂಡು ಮೆಡಿಕಲ್‌ಗೆ ಹೋಗಿ ನಾರ್‌ಫ್ಲಾಕ್ಸಾಸಿನ್ ಮಾತ್ರೆ ತಂದರು. ಮೊದಲು ಸ್ವಲ್ಪ ಹಗುರ ಅನ್ನಿಸಿತು. ಆಮೇಲೆ ಚಳಿಜ್ವರ, ಸೊಂಟದ ಮೇಲೆ ಬೆನ್ನುನೋವು, ವಾಂತಿ. ಸೋಂಕು ಕಿಡ್ನಿಗೆ ಏರಿತ್ತು.

"ಎಂತ ಮಾರಾಯ, ಹೋದ ವರ್ಷ ಅದೇ ಮಾತ್ರೆಯಲ್ಲಿ ಗುಣ ಆಗಿತ್ತಲ್ಲ?" ಆಸ್ಪತ್ರೆ ಮಂಚದ ಮೇಲಿಂದ ದೊಡ್ಡಮ್ಮ ಕೇಳಿದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ.

ಉತ್ತರ ಹೊಟ್ಟೆಯಲ್ಲಿದೆ. ಮೂತ್ರದ ಸೋಂಕಿಗೆ ಹೆಚ್ಚಾಗಿ ಕಾರಣ ಇ.ಕೋಲಿ. 1885ರಲ್ಲಿ ಥಿಯೋಡರ್ ಎಷರಿಕ್ ಗುರುತಿಸಿದ ಈ ಬ್ಯಾಕ್ಟೀರಿಯಾ ನಮ್ಮೆಲ್ಲರ ಕರುಳಲ್ಲೇ ಇರೋದು. ಶೀತಕ್ಕೆ, ಗಂಟಲುನೋವಿಗೆ ಅಂತ ನಾವು ನುಂಗಿದ ಪ್ರತಿ ಆಂಟಿಬಯೋಟಿಕ್ ಅಲ್ಲಿಗೂ ತಲುಪುತ್ತೆ. ಬಗ್ಗುವವು ಸಾಯ್ತವೆ, ಬಗ್ಗದವು ಉಳಿದು ಬೆಳೀತವೆ. ಅನುಕೂಲ ಇದ್ದರೆ 20 ನಿಮಿಷಕ್ಕೆ ಒಂದು ಎರಡಾಗುತ್ತೆ. ಸಾಲದ್ದಕ್ಕೆ, ಔಷಧಿಯನ್ನು ಸೋಲಿಸೋ ವಿದ್ಯೆಯನ್ನು ಪ್ಲಾಸ್ಮಿಡ್ ಅನ್ನೋ ಡಿಎನ್‌ಎ ತುಣುಕಿನ ಮೂಲಕ ಪಕ್ಕದ ಬ್ಯಾಕ್ಟೀರಿಯಾಗೂ ದಾಟಿಸುತ್ತೆ. ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ನಾವು ಪೆನ್‌ಡ್ರೈವ್ ಕೈ ಬದಲಾಯಿಸ್ತಿದ್ದ ಹಾಗೆ! ಅಂದರೆ ಚೀಟಿ ಹಳೆಯದು, ಶತ್ರು ಹೊಸಬ.

ಹಾಗಾದ್ರೆ ಯಾವ ಮಾತ್ರೆ? ಅದನ್ನು ಹೇಳೋದು ಯೂರಿನ್ ಕಲ್ಚರ್. ಮೊದಲು ಬರೋ ಮೂತ್ರ ಬಿಟ್ಟು ನಡುವಿನದ್ದನ್ನು ಸ್ವಚ್ಛ ಡಬ್ಬಿಯಲ್ಲಿ ಹಿಡೀಬೇಕು. ಆಂಟಿಬಯೋಟಿಕ್‌ನ ಮೊದಲ ಮಾತ್ರೆ ನುಂಗೋ ಮುಂಚೆಯೇ ಕೊಡಬೇಕು. ಲ್ಯಾಬ್‌ನವರು ಬ್ಯಾಕ್ಟೀರಿಯಾ ಬೆಳೆಸಿ, ಅದನ್ನು ತಟ್ಟೆ ತುಂಬ ಹರಡಿ, ಔಷಧಿ ಹಚ್ಚಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡ್ತಾರೆ. ಔಷಧಿ ಕೆಲಸ ಮಾಡಿದ್ರೆ ಬಿಲ್ಲೆ ಸುತ್ತ ಖಾಲಿ ವೃತ್ತ. ಅದನ್ನು ಮಿಲಿಮೀಟರ್‌ನಲ್ಲಿ ಅಳೆದು 'ಎಸ್' ಅಥವಾ 'ಆರ್' ಅಂತ ಬರೀತಾರೆ. ಎಸ್ ಅಂದ್ರೆ ಬಗ್ಗುತ್ತೆ, ಆರ್ ಅಂದ್ರೆ ಬಗ್ಗಲ್ಲ. ಇದಕ್ಕೆ ಎರಡು ಮೂರು ದಿನ ಬೇಕು.

ಇಲ್ಲೊಂದು ಎಚ್ಚರಿಕೆ. ಎಸ್ ಕಂಡ ತಕ್ಷಣ ಅಂಗಡಿಗೆ ಓಡಬೇಡಿ. ನೈಟ್ರೋಫ್ಯುರಾಂಟಾಯಿನ್ ಮೂತ್ರಕೋಶದ ಸೋಂಕಿಗೆ ಇವತ್ತಿಗೂ ಒಳ್ಳೆಯ ಔಷಧಿ. ಆದರೆ ಅದು ಮೂತ್ರದಲ್ಲಷ್ಟೇ ಸಾಕಷ್ಟು ಸೇರುತ್ತೆ. ಕಿಡ್ನಿಗೆ ಏರಿದ ಸೋಂಕಿಗೆ ಸಾಲಲ್ಲ. ಇನ್ನು ಉರಿ, ಜ್ವರ ಏನೂ ಇಲ್ಲದ ಹಿರಿಯರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೂ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ಆದರೆ ಗರ್ಭಿಣಿಯರಿಗೆ ಬೇಕು. ಇದನ್ನೆಲ್ಲ ತೂಗಿ ನೋಡೋದು ಡಾಕ್ಟರ ಕೆಲಸ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2013ರಿಂದ ದೊಡ್ಡ ಆಸ್ಪತ್ರೆಗಳ ಲೆಕ್ಕ ಇಡ್ತಿದೆ. ಅಲ್ಲಿ ಸಿಪ್ರೊಫ್ಲಾಕ್ಸಾಸಿನ್‌ಗೆ ಬಗ್ಗುವ ಇ.ಕೋಲಿ ಅರ್ಧಕ್ಕಿಂತಲೂ ಕಮ್ಮಿ. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಜಾರಿಯಲ್ಲಿದೆ: ಸೆಫಿಕ್ಸಿಮ್‌ನಂಥ ಔಷಧಿ ಕೊಟ್ಟರೆ ಅಂಗಡಿಯವರು ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಕಾನೂನು ಇದೆ ಸ್ವಾಮಿ. ಆದರೆ ಕೇಳಿ ತಗೊಳ್ಳೋರು ನಾವೇ ಅಲ್ವಾ?

ದೊಡ್ಡಮ್ಮನ ರಿಪೋರ್ಟ್‌ನಲ್ಲಿ ನಾರ್‌ಫ್ಲಾಕ್ಸಾಸಿನ್ ಎದುರು 'ಆರ್' ಇತ್ತು. ಇಂಜೆಕ್ಷನ್‌ನಲ್ಲಿ ಗುಣವಾಗಿ ಮನೆಗೆ ಬಂದರು. ಈಗ ಅವರ ಡಬ್ಬದಲ್ಲಿ ಹಳೇ ಚೀಟಿ ಇಲ್ಲ, ಕಲ್ಚರ್ ರಿಪೋರ್ಟ್ ಇದೆ. ಮುಂದಿನ ಸಲ ಡಾಕ್ಟರಿಗೆ ತೋರಿಸೋಕೆ. ಮೆಡಿಕಲ್‌ನವರಿಗೆ ಅಲ್ಲ.